ಮೂರೂವರೆ ಟನ್ನಿನೊಳಗೆ ನಾಲ್ಕು ಜನ: ಒಂದು ಪುಟ್ಟ ಮೋಟರ್‌ಹೋಂ ಪ್ರಕರಣ

ಜರ್ಮನಿಯ ಷ್ಟುಟ್‌ಗಾರ್ಟ್ ಪಕ್ಕದ ಒಂದು ಊರಿನಲ್ಲಿ ನನ್ನ ಚಿಕ್ಕಪ್ಪನ ಮಗ, ಅವನ ಹೆಂಡತಿ, ಒಂಬತ್ತು ವರ್ಷದ ಮಗಳು ಇದ್ದಾರೆ. ಬೇಸಿಗೆಯಲ್ಲಿ ಹಾಸನದಿಂದ ಚಿಕ್ಕಮ್ಮ ಬರುತ್ತಾರೆ. ವೀಸಾ ಕೊಡುವ 90 ದಿನ ಇದ್ದು ಹೋಗುತ್ತಾರೆ. ಅವರಿಗೆ 68 ವರ್ಷ, ಮಂಡಿನೋವು, ಶುದ್ಧ ಸಸ್ಯಾಹಾರ. ಹೋಟೆಲಿನಲ್ಲಿ ತಂಗಿದಾಗಲೆಲ್ಲ ಅವರ ಊಟ ಬ್ರೆಡ್ಡು, ಮೊಸರು, ಬಾಳೆಹಣ್ಣಿಗೆ ಇಳಿಯುತ್ತಿತ್ತು. ಅಡುಗೆಮನೆ ಜೊತೆಯಲ್ಲೇ ಬಂದರೆ ಎಲ್ಲರೂ ಸುತ್ತಬಹುದು ಎಂಬ ಯೋಚನೆಯಿಂದ, ಒಳಗೇ ಮಲಗಲು, ಅಡುಗೆಗೆ ವ್ಯವಸ್ಥೆಯಿರುವ ಗಾಡಿಯಾದ ಮೋಟರ್‌ಹೋಂ ಕೊಳ್ಳುವ ಮಾತು ಹುಟ್ಟಿತು. ಇಲ್ಲಿ ಅಂಥದ್ದೊಂದು ಗಾಡಿಯಲ್ಲಿ ಹಲವು ವರ್ಷ ತಿರುಗಿದವನು ನಾನು. ಹಾಗಾಗಿ ಆಯ್ಕೆಯ ಮೊದಲ ದಿನದಿಂದಲೂ ಅವರ ಜೊತೆಗಿದ್ದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಯುರೋಪಿನಲ್ಲಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಇದೇ ಲೆಕ್ಕಾಚಾರ ನಡೆಯುತ್ತಿದೆ. ಬಹುಪಾಲು ಮಂದಿ ಅದನ್ನು ಉದ್ದದಿಂದ, ಬೆಲೆಯಿಂದ, ಒಳಗಿನ ಮರಗೆಲಸದಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಅದು ತೂಕದಿಂದ ಶುರುವಾಗಬೇಕು.

ಮೊದಲು ಲೈಸೆನ್ಸಿನ ವಿಷಯ. ಭಾರತದ ಲೈಸೆನ್ಸಿನಲ್ಲಿ ಜರ್ಮನಿಯಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ಓಡಿಸಬಹುದು. ಆಮೇಲೆ ಇಲ್ಲಿಯ ಬರವಣಿಗೆ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಹಾಗೆ ಸಿಗುವ ಬಿ ದರ್ಜೆಯ, ಅಂದರೆ ಕಾರಿನ, ಲೈಸೆನ್ಸಿಗೆ ಗಾಡಿಯ ಒಟ್ಟು ತೂಕ 3,500 ಕೆ.ಜಿ. ಮೀರುವಂತಿಲ್ಲ. 1999ಕ್ಕಿಂತ ಮುಂಚೆ ಕಾರಿನ ಲೈಸೆನ್ಸ್ ಪಡೆದ ಜರ್ಮನ್ನರು ಅದರಲ್ಲೇ 7.5 ಟನ್‌ವರೆಗೆ ಓಡಿಸಬಹುದು. ತಮ್ಮನ ಆಫೀಸಿನ ಹಿರಿಯ ಸಹೋದ್ಯೋಗಿಗಳು ಕೊಟ್ಟ ಸಲಹೆಗಳೆಲ್ಲ ಆ ಹಳೆಯ ಲೈಸೆನ್ಸಿನ ನೆಲೆಯಿಂದ ಬಂದವು. "ತೂಕ ಹೆಚ್ಚಾದರೆ ಗಾಡಿಯ ಮಿತಿಯನ್ನು ಕಾಗದದಲ್ಲಿ ಏರಿಸಿಕೊಂಡರಾಯಿತು" ಎಂಬುದು ಅವರಿಗೆ ಸುಲಭದ ಮಾತು. ನಮ್ಮವರಿಗೆ ಅದು ಭಾರಿ ಗಾಡಿಯ ಸಿ1 ದರ್ಜೆಗೆ ಹೊಸ ಪರೀಕ್ಷೆ. ಅಷ್ಟೇ ಅಲ್ಲದೆ 3.5 ಟನ್ ದಾಟಿದ ಮೋಟರ್‌ಹೋಂಗೆ ಜರ್ಮನಿಯ ಆಟೋಬಾನ್ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ, ಆಸ್ಟ್ರಿಯಾದಲ್ಲಿ ಹೆದ್ದಾರಿ ಸುಂಕದ ಸ್ಟಿಕರಿನ ಬದಲು ಕಿ.ಮೀ. ಲೆಕ್ಕದ ಸುಂಕದ ಪೆಟ್ಟಿಗೆ, ಸ್ವಿಟ್ಜರ್‌ಲೆಂಡಿನಲ್ಲಿ ಭಾರಿ ವಾಹನದ ತೆರಿಗೆ. ಷ್ಟುಟ್‌ಗಾರ್ಟಿನಿಂದ ಆಲ್ಪ್ಸ್ ಕಡೆಗೆ ಹೋಗುವವರಿಗೆ ಈ ಎರಡೂ ದೇಶ ದಾರಿಯಲ್ಲೇ ಸಿಗುತ್ತವೆ. ಆದ್ದರಿಂದ 3,500 ಎಂಬ ಅಂಕಿಯನ್ನು ಮೊದಲೇ ಗೆರೆ ಎಳೆದು ಬಿಟ್ಟೆವು.

ಎಷ್ಟು ಉದ್ದ, ಎಷ್ಟು ಎತ್ತರ

ಜನವರಿಯಲ್ಲಿ ಷ್ಟುಟ್‌ಗಾರ್ಟಿನಲ್ಲೇ ಸಿಎಂಟಿ ಎಂಬ ಪ್ರವಾಸ ಮೇಳ ನಡೆಯುತ್ತದೆ. ಚಿಕ್ಕ ಮೋಟರ್‌ಹೋಂಗಳನ್ನೆಲ್ಲ ಒಂದೇ ಕಡೆ ಹತ್ತಿ ಇಳಿದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಆ ಭಾಗದಲ್ಲಿಲ್ಲ. ಇಬ್ಬರಿಗೂ ನಾನು ಹೇಳಿದ್ದು ಇಷ್ಟೇ: ಹಾಸಿಗೆಯ ಮೇಲೆ ಪೂರ್ತಿ ಮಲಗಿ ಮಗ್ಗುಲು ಬದಲಿಸಿ, ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಕೂತು ಎದ್ದು ನೋಡಿ, ಒಬ್ಬರು ಒಲೆ ಮುಂದೆ ನಿಂತಿರುವಾಗ ಇನ್ನೊಬ್ಬರು ದಾಟಿ ಹೋಗಬಹುದೇ ನೋಡಿ.

ಮೊದಲು ಕಣ್ಣಿಗೆ ಬಿದ್ದದ್ದು ಫೋಕ್ಸ್‌ವಾಗನ್ ಕ್ಯಾಲಿಫೋರ್ನಿಯಾ, ಮರ್ಸಿಡಿಸ್ ಮಾರ್ಕೊ ಪೋಲೊ ಜಾತಿಯ ಗಾಡಿಗಳು. ಉದ್ದ ಐದು ಮೀಟರಿನ ಆಸುಪಾಸು, ಎತ್ತರ ಎರಡು ಮೀಟರಿಗೆ ತುಸು ಕಡಿಮೆ. ನೆಲಮಾಳಿಗೆಯ ಪಾರ್ಕಿಂಗಿಗೆ ಹೋಗುತ್ತವೆ, ದಿನಾ ಆಫೀಸಿಗೂ ಒಯ್ಯಬಹುದು. ನಾಲ್ವರು ಮಲಗಬಹುದು: ಇಬ್ಬರು ಕೆಳಗೆ, ಇಬ್ಬರು ಮೇಲೇಳುವ ಛಾವಣಿಯಲ್ಲಿ. ಆದರೆ ಬಾಗಿಲು ಹಾಕಿಕೊಳ್ಳುವಂಥ ಟಾಯ್ಲೆಟ್ ಅವುಗಳಲ್ಲಿಲ್ಲ. ರಾತ್ರಿ ಎರಡು ಸಲ ಏಳುವ ಚಿಕ್ಕಮ್ಮನಿಗೆ ಮಳೆಯಲ್ಲಿ ಕ್ಯಾಂಪಿಂಗ್ ಜಾಗದ ಸ್ನಾನದ ಮನೆವರೆಗೆ ನಡೆಯಲು ಹೇಳುವುದು ಸರಿಯಲ್ಲ. ಆ ಇಡೀ ಗುಂಪು ಅಲ್ಲಿಗೇ ಬಿಟ್ಟುಹೋಯಿತು.

ಉಳಿದದ್ದು ಸಾಮಾನು ಸಾಗಿಸುವ ವ್ಯಾನಿನ ಒಳಗೆ ಕಟ್ಟಿದ ಮನೆ. ಜರ್ಮನರು ಕಾಸ್ಟನ್‌ವಾಗನ್ ಎನ್ನುತ್ತಾರೆ. ಯುರೋಪಿನಲ್ಲಿ ಇವುಗಳಲ್ಲಿ ಹೆಚ್ಚಿನವು ಫಿಯಾಟ್ ಡುಕಾಟೊ ವ್ಯಾನಿನ ಮೇಲೆ, ಇಲ್ಲವೇ ಅದರ ಒಡಹುಟ್ಟುಗಳಾದ ಪ್ಯೂಜೊ ಬಾಕ್ಸರ್, ಸಿಟ್ರೊಯೆನ್ ಜಂಪರ್ ಮೇಲೆ ಕಟ್ಟಿದವು. ಅಗಲ 2.05 ಮೀಟರ್, ಎತ್ತರ ಎರಡೂವರೆ ಮೀಟರಿಗಿಂತ ಮೇಲೆ. ಉದ್ದ ಮೂರು ಬಗೆ: 5.41, 5.99, 6.36. ಇವು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವುದಿಲ್ಲ. ಮನೆ ಹತ್ತಿರ ನಿಲ್ಲಿಸಲು ಬಾಡಿಗೆಗೆ ಜಾಗ ಸಿಗುತ್ತದೆಯೇ ಎಂದು ಗಾಡಿ ನೋಡುವ ಮುಂಚೆಯೇ ವಿಚಾರಿಸಬೇಕಾದದ್ದು ಈ ಕಾರಣಕ್ಕೆ. ನಮ್ಮವರಿಗೆ ಒಬ್ಬ ರೈತರ ಕೊಟ್ಟಿಗೆಯ ಪಕ್ಕ ಸಿಕ್ಕಿತು.

5.41ರಲ್ಲಿ ನಾಲ್ವರ ಬಟ್ಟೆಗೆ ಜಾಗ ಸಾಲಲಿಲ್ಲ. 6.36ರಲ್ಲಿ ಹಿಂಭಾಗದಲ್ಲಿ ಎರಡು ಒಂಟಿ ಹಾಸಿಗೆ ಗಾಡಿಯ ಉದ್ದಕ್ಕೆ ಇರುತ್ತವೆ. ಮಂಡಿನೋವಿನವರಿಗೆ ಇದು ಬಹಳ ಅನುಕೂಲ, ಯಾರನ್ನೂ ದಾಟದೆ ನೇರ ಇಳಿಯಬಹುದು. 5.99ರಲ್ಲಿ ಸಾಮಾನ್ಯವಾಗಿ ಅಡ್ಡ ಹಾಸಿಗೆ. ಒಳಗೆ ಮಲಗಿದವರು ಹೊರಗೆ ಮಲಗಿದವರನ್ನು ದಾಟಿ ಇಳಿಯಬೇಕು, ಹಾಸಿಗೆಯ ಉದ್ದವೂ ಗಾಡಿಯ ಅಗಲಕ್ಕೆ ಕಟ್ಟುಬಿದ್ದು 1.9 ಮೀಟರಿನ ಹತ್ತಿರ ನಿಲ್ಲುತ್ತದೆ. ಹಾಸಿಗೆಯನ್ನು ಮಾತ್ರ ನೋಡಿದ್ದರೆ 6.36ನ್ನೇ ತೆಗೆದುಕೊಳ್ಳಿ ಎನ್ನುತ್ತಿದ್ದೆ.

ತೂಕದ ಲೆಕ್ಕ

ಕ್ಯಾಟಲಾಗಿನಲ್ಲಿ "ಓಡಲು ಸಿದ್ಧವಿರುವ ಗಾಡಿಯ ತೂಕ" ಎಂಬ ಅಂಕಿ ಇರುತ್ತದೆ. ಯುರೋಪಿನ ನಿಯಮದಂತೆ ಅದರಲ್ಲಿ 75 ಕೆ.ಜಿ.ಯ ಚಾಲಕ, ಶೇ. 90 ತುಂಬಿದ ಇಂಧನ ಸೇರಿರುತ್ತವೆ. ನೀರಿನ ವಿಷಯದಲ್ಲಿ ಜಾಗ್ರತೆ ಬೇಕು: ಟ್ಯಾಂಕು 100 ಲೀಟರಿನದಾದರೂ "ಪ್ರಯಾಣದ ಮಟ್ಟ" ಎಂದು 20 ಲೀಟರನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪರಿಪಾಠ ಇದೆ. ಇದರ ಮೇಲೆ ಶೇ. 5ರಷ್ಟು ಹೆಚ್ಚು ಕಡಿಮೆಗೆ ಅವಕಾಶ. ಅಂದರೆ 2,900 ಕೆ.ಜಿ. ಎಂದು ಬರೆದ ಗಾಡಿ 3,045 ತೂಗಿದರೂ ಕಾನೂನಿನ ಕಣ್ಣಿನಲ್ಲಿ ಸರಿಯೇ.

ತಮ್ಮ ನೋಡಿದ 5.99 ಗಾಡಿಯ ಅಂಕಿ 2,900. ನಾಲ್ವರು ಮಲಗಲು ಮೇಲೇಳುವ ಛಾವಣಿ ಬೇಕೇಬೇಕು, ಅದಕ್ಕೆ 120. ಒಟ್ಟು 3,020, ಉಳಿದದ್ದು 480. ಇನ್ನು ಮೂವರು ಪ್ರಯಾಣಿಕರಿಗೆ ತಲಾ 75ರಂತೆ 225 ಕಳೆದರೆ 255. ಟ್ಯಾಂಕಿನ ಬಾಕಿ 80 ಲೀಟರ್ ನೀರು ತುಂಬಿದರೆ 175. ಬದಿಯ ಮಡಿಸುವ ಚಪ್ಪರ, ಸೈಕಲ್ ಸ್ಟ್ಯಾಂಡ್ ಹಾಕಿಸಿದರೆ ಇನ್ನೂ 50 ಹೋಗಿ 125. ಆ ಶೇ. 5 ಪೂರ್ತಿ ನಮ್ಮ ವಿರುದ್ಧ ಬಿದ್ದರೆ ಒಂದು ಚಮಚ ಇಡುವ ಮುಂಚೆಯೇ ಗಾಡಿ ಮಿತಿ ದಾಟಿರುತ್ತದೆ. ಸಾಮಾನಿಗೆ ಕನಿಷ್ಠ ಇಷ್ಟು ಉಳಿಸಲೇಬೇಕು ಎಂಬ ನಿಯಮವೂ ಉಂಟು: ಸೀಟುಗಳ ಸಂಖ್ಯೆಗೆ ಮೀಟರಿನಲ್ಲಿ ಗಾಡಿಯ ಉದ್ದ ಕೂಡಿಸಿ ಹತ್ತರಿಂದ ಗುಣಿಸಬೇಕು. ನಾಲ್ಕು ಸೀಟು, ಆರು ಮೀಟರ್, ಅಂದರೆ 100 ಕೆ.ಜಿ. ತಲೆಗೆ 25. ಬಟ್ಟೆ, ಹಾಸಿಗೆ, ಪಾತ್ರೆ, ಅಕ್ಕಿ, ಕುರ್ಚಿ, ಎಲ್ಲವೂ ಅದರಲ್ಲೇ ಮುಗಿಯಬೇಕು. ನಾಲ್ಕು ಸೀಟಿದೆ, ನಾಲ್ಕು ಹಾಸಿಗೆಯಿದೆ ಎಂದು ಮಾರುವ ಗಾಡಿಯಲ್ಲಿ ನಾಲ್ವರು ನಿಜವಾಗಿ ಬದುಕುವ ಸಾಮಾನಿಗೆ ಜಾಗ ಇದೆ ಎಂದು ಯಾರೂ ಮಾತು ಕೊಟ್ಟಿಲ್ಲ.

6.36ರದ್ದು ಇದಕ್ಕಿಂತ ಸುಮಾರು 100 ಕೆ.ಜಿ. ಜಾಸ್ತಿ. ಹಾಗಾಗಿ ಚಿಕ್ಕಮ್ಮನಿಗೆ ಅನುಕೂಲವಾಗುತ್ತಿದ್ದ ಒಂಟಿ ಹಾಸಿಗೆಯನ್ನು ಕೈಬಿಡಬೇಕಾಯಿತು. ಇದು ನನಗೆ ಈಗಲೂ ಬೇಸರದ ವಿಷಯ. ಇಬ್ಬರೇ ಇರುವ ಮನೆಯಾದರೆ ಎರಡು ಮಾತಿಲ್ಲದೆ 6.36 ಸರಿ, ಮೇಲೇಳುವ ಛಾವಣಿ ಬೇಡ, ಇಬ್ಬರು ಪ್ರಯಾಣಿಕರ ತೂಕವೂ ಇಲ್ಲ. ನಾಲ್ವರಾದಾಗ ಉದ್ದದ ಗಾಡಿಯೇ ಕಡಿಮೆ ಹೊರುತ್ತದೆ ಎಂಬುದು ಮೇಳದ ಮಳಿಗೆಯಲ್ಲಿ ನಿಂತಾಗ ಹೊಳೆಯುವುದಿಲ್ಲ.

ಕೊನೆಗೆ 5.99ಕ್ಕೇ ಒಪ್ಪಿದರು. ಚಪ್ಪರ ಬೇಡವೆಂದರು. ಒಪ್ಪಂದದ ಕಾಗದದಲ್ಲಿ ಒಂದು ಸಾಲು ಸೇರಿಸಲು ನಾನು ಹಟ ಹಿಡಿದೆ: ಗಾಡಿಯನ್ನು ಕೈಗೊಪ್ಪಿಸುವ ದಿನ ವೇ ಬ್ರಿಡ್ಜಿನ ಮೇಲೆ ತೂಗಿ ತೋರಿಸಬೇಕು. ಗಾಡಿಯ ಜೊತೆ ಬರುವ ಸಿಒಸಿ ಎಂಬ, ಗಾಡಿ ನಿಯಮಕ್ಕೆ ತಕ್ಕಂತಿದೆ ಎನ್ನುವ ಪ್ರಮಾಣಪತ್ರದಲ್ಲಿ 13.2 ಎಂಬ ಸಂಖ್ಯೆಯ ಮುಂದೆ ಆ ಗಾಡಿಯ ನಿಜವಾದ ತೂಕ ಬರೆದಿರುತ್ತದೆ. ಕ್ಯಾಟಲಾಗಿನ ಅಂಕಿಯನ್ನು ಬಿಟ್ಟು ಅದನ್ನೇ ಕೇಳಿ. ಇವರದ್ದು 3,060 ಬಂತು.

ಮೊದಲ ಬೇಸಿಗೆಯಲ್ಲಿ ಚಿಕ್ಕಮ್ಮ ಬಂದ ಮೇಲೆ ಎಲ್ಲ ತುಂಬಿಸಿ, ಎಲ್ಲರೂ ಕೂತು, ಇನ್ನೊಮ್ಮೆ ತೂಗಿಸಿದರು. 3,566. ಸೊಸೆ, ಅತ್ತೆ, ಮಗು ಮೂವರೂ ಸೇರಿ 156 ಕೆ.ಜಿ. ಇದ್ದದ್ದು ಪುಣ್ಯ, ಲೆಕ್ಕದ 225 ಆಗಿರಲಿಲ್ಲ. ಚಿಕ್ಕಮ್ಮ ಕೆಳಗಿಳಿದು, "ನಾನೊಬ್ಬಳು ಇಲ್ಲೇ ಉಳ್ಕೊಂಡ್ರೆ ಸರಿಹೋಗುತ್ತೇನಪ್ಪಾ?" ಎಂದು ಕೇಳಿದರು. ಸೊಸೆ, "ನೀವಿಲ್ಲದೆ ಈ ಗಾಡಿ ತಗೊಂಡಿದ್ದಾದ್ರೂ ಯಾಕೆ ಅತ್ತೆ, ಸೈಕಲ್ ಇಳಿಸೋಣ" ಎಂದಳು. ಮೂರು ಸೈಕಲ್ಲು, ಅದರ ಸ್ಟ್ಯಾಂಡು ಇಳಿದಾಗ 62 ಕೆ.ಜಿ. ಹೋಯಿತು. ಹಿಂಬಾಗಿಲಿಗೆ ತೂಗುವ ಭಾರವು ಹಿಂದಿನ ಅಚ್ಚನ್ನು ಒತ್ತಿ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ, ಡುಕಾಟೊದಲ್ಲಿ ಎಳೆಯುವುದು ಮುಂದಿನ ಚಕ್ರ. ಆದ್ದರಿಂದ ಅದು ಹೋದದ್ದು ಎರಡು ಬಗೆಯಲ್ಲಿ ಒಳ್ಳೆಯದಾಯಿತು. ನೀರನ್ನು 100ರ ಬದಲು 40 ಲೀಟರ್ ಹೊತ್ತು, ತಲುಪಿದ ಮೇಲೆ ತುಂಬಿಸಿಕೊಳ್ಳುವುದೆಂದು ಮಾಡಿಕೊಂಡರು, ಅದು 60. ಎರಡನೇ ಗ್ಯಾಸ್ ಸಿಲಿಂಡರು 23. ಮೂರೇ ತೀರ್ಮಾನದಲ್ಲಿ 3,421ಕ್ಕೆ ಬಂತು. ಕಬ್ಬಿಣದ ದೋಸೆ ಹೆಂಚು, ಅಕ್ಕಿ ಮೂಟೆಯ ಬಗ್ಗೆ ಮನೆಯಲ್ಲಿ ನಡೆದ ಚರ್ಚೆಯೆಲ್ಲ ಇದರ ಮುಂದೆ ಚಿಲ್ಲರೆ. ಹೆಂಚು ಗಾಡಿಯಲ್ಲೇ ಉಳಿಯಿತು, ಉಳಿಯಲಿ.

ಅಡುಗೆ ಮತ್ತು ತೇವ

ಜರ್ಮನ್ ಗಾಡಿಯ ಅಡುಗೆಮನೆ ಕಾಫಿ, ಪಾಸ್ತಾ, ಮೊಟ್ಟೆಗೆಂದು ಮಾಡಿದ್ದು. ಎರಡು ಗ್ಯಾಸ್ ಒಲೆ, ಅಂಗೈಯಗಲದ ಕಟ್ಟೆ. ಅನ್ನ, ಸಾರು, ಪಲ್ಯ ಇಲ್ಲಿ ಆಗುತ್ತದೆ, ಆದರೆ ಗಾಳಿಯನ್ನು ನೋಡಿಕೊಳ್ಳಬೇಕು. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಅದರ ಮೇಲೆ ಕುಕ್ಕರಿನ ವಿಷಲ್, ಕುದಿಯುವ ಸಾರು, ನಾಲ್ವರ ಉಸಿರು. ಹೊರಗೆ ಹತ್ತು ಡಿಗ್ರಿ ಇದ್ದರೆ ಇದೆಲ್ಲ ತಣ್ಣಗಿನ ತಗಡಿನ ಮೇಲೆ ಹನಿಗಟ್ಟುತ್ತದೆ. ಕಿಟಕಿಯ ಮೇಲಿನದ್ದು ಕಾಣುತ್ತದೆ, ಒರೆಸಬಹುದು. ಹಾಸಿಗೆಯ ಕೆಳಗೆ, ಬೀರುವಿನ ಹಿಂದೆ ಕೂತದ್ದು ಕಾಣುವುದಿಲ್ಲ. ಬೂಷ್ಟು ಶುರುವಾಗುವುದು ಅಲ್ಲಿಂದ.

ಹಾಗಾಗಿ ಇವರ ಮನೆಯ ಕ್ರಮ ಹೀಗಿದೆ: ಒಲೆ ಹಚ್ಚುವ ಮುಂಚೆ ಛಾವಣಿಯ ಫ್ಯಾನ್ ಹೊರಕ್ಕೆ ಎಳೆಯುವಂತೆ ಹಾಕಿ, ಎದುರಿನ ಕಿಟಕಿ ಎರಡು ಬೆರಳಷ್ಟು ತೆರೆಯುವುದು. ಮಳೆಯಿದ್ದರೂ ಅಷ್ಟೇ, ಚಳಿಯಿದ್ದರೂ ಅಷ್ಟೇ. ಒಗ್ಗರಣೆ ಮಾತ್ರ ಒಳಗಿಲ್ಲ. ಸಾಸಿವೆ ಸಿಡಿದು ಎಣ್ಣೆಯ ಹೊಗೆ ಪರದೆಗೆ, ಸೀಟಿನ ಬಟ್ಟೆಗೆ ಹಿಡಿದರೆ ಹೋಗುವುದಿಲ್ಲ. ಜಾರುವ ಬಾಗಿಲಿನ ಹೊರಗೆ ಚಿಕ್ಕ ಗ್ಯಾಸ್ ಡಬ್ಬಿಯಲ್ಲಿ ಉರಿಯುವ ಪುಟ್ಟ ಕಾರ್ಟ್ರಿಜ್ ಒಲೆ ಇಟ್ಟು ಒಗ್ಗರಣೆ ಹಾಕಿ, ತಂದು ಸಾರಿಗೆ ಸುರಿಯುತ್ತಾರೆ. ಹಾಸಿಗೆಯ ಅಡಿಗೆ ಗಾಳಿಯಾಡುವ ಜಾಲರಿ ಹಾಸಿದ್ದಾರೆ, ಬೆಳಿಗ್ಗೆ ಹಾಸಿಗೆ ಎತ್ತಿ ನಿಲ್ಲಿಸುತ್ತಾರೆ. ಒಲೆಯನ್ನು ಚಳಿ ಕಾಯಿಸಲು ಹಚ್ಚುವಂತಿಲ್ಲ ಎಂಬುದನ್ನು ಮಗುವಿಗೂ ಹೇಳಿಕೊಟ್ಟಿದ್ದಾರೆ. ಗಾಡಿಯ ಹೀಟರು ತನ್ನ ಹೊಗೆ, ಆವಿ ಎರಡನ್ನೂ ಹೊರಕ್ಕೆ ಬಿಡುತ್ತದೆ. ತೆರೆದ ಉರಿಗೆ ಆ ದಾರಿಯಿಲ್ಲ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯ ಗಂಟೆ ಮಲಗುವ ಮಟ್ಟದಲ್ಲಿ ಗೋಡೆಗೆ ಹಾಕಿದ್ದಾರೆ.

ಇಂಡಕ್ಷನ್ ಒಲೆ, ಮಿಕ್ಸಿ ಯಾಕಿಲ್ಲ ಎಂದು ಚಿಕ್ಕಮ್ಮ ಕೇಳಿದ್ದರು. 12 ವೋಲ್ಟಿನ ಬ್ಯಾಟರಿಯಿಂದ 1,800 ವಾಟ್ ಎಳೆಯಬೇಕಾದರೆ 150 ಆಂಪಿಯರ್ ಹರಿಯಬೇಕು. ಚಿಕ್ಕ ಗಾಡಿಯ ಬ್ಯಾಟರಿಗೆ ಅದು ಹೊರಲಾರದ ಹೊರೆ. ಕ್ಯಾಂಪಿಂಗ್ ಜಾಗದಲ್ಲಿ ಕರೆಂಟು ಸಿಕ್ಕರೂ ಎಷ್ಟೋ ಕಡೆ 6 ಆಂಪಿಯರಿನ ಫ್ಯೂಸು, ಅಂದರೆ 1,380 ವಾಟ್. ಕಾಯಿ ಚಟ್ನಿ ರುಬ್ಬುವುದು ಅಂಥ ಜಾಗ ತಲುಪಿದ ದಿನ ಮಾತ್ರ. ಮನೆಯಿಂದ ಚಟ್ನಿಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು ಬರುತ್ತದೆ.

ಗ್ಯಾಸಿನ ಬಗ್ಗೆ ಊರಿನವರಿಗೆ ತಿಳಿದಿರಬೇಕಾದ ಒಂದು ವ್ಯತ್ಯಾಸ. ನಮ್ಮಲ್ಲಿ ಮನೆಗೆ ಬರುವ 14.2 ಕೆ.ಜಿ.ಯ ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯುಟೇನ್ ಬೆರೆತಿರುತ್ತವೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನಿಗೆ ಮೈನಸ್ 42ರವರೆಗೂ ತೊಂದರೆಯಿಲ್ಲ. ಜರ್ಮನಿಯ 11 ಕೆ.ಜಿ.ಯ ಬೂದುಬಣ್ಣದ ಸಿಲಿಂಡರಿನಲ್ಲಿ ಪ್ರೊಪೇನ್ ಇರುವುದು ಅದಕ್ಕೇ. ಬೇರೆ ದೇಶದಲ್ಲಿ ತುಂಬಿಸಿಕೊಳ್ಳುವಾಗ ಇದನ್ನು ಕೇಳಬೇಕು. ಇವರ ಹೀಟರು ಗಾಡಿಯ ಡೀಸೆಲ್ ಟ್ಯಾಂಕಿನಿಂದಲೇ ಉರಿಯುವುದರಿಂದ ಗ್ಯಾಸು ಅಡುಗೆಗೆ ಮಾತ್ರ, ಒಂದೇ ಸಿಲಿಂಡರು ಬಹಳ ಕಾಲ ಬರುತ್ತದೆ.

ನೀರು, ಟಾಯ್ಲೆಟ್, ಕರೆಂಟು

ಗಾಡಿಯದ್ದು ಕ್ಯಾಸೆಟ್ ಟಾಯ್ಲೆಟ್, ಅಂದರೆ ಕೆಳಗಿನ ಪೆಟ್ಟಿಗೆಯನ್ನು ಹೊರಗೆಳೆದು ಖಾಲಿ ಮಾಡುವಂಥದ್ದು. ಆ ಪೆಟ್ಟಿಗೆ 18 ಲೀಟರಿನ ಆಸುಪಾಸಿನದು. ಜರ್ಮನರು ಹೇಳುವ ದಿನಗಳ ಲೆಕ್ಕ ಕಾಗದ ಬಳಸುವವರದ್ದು. ನೀರು ಬಳಸುವ ನಮಗೆ ಅದು ಬೇಗ ತುಂಬುತ್ತದೆ. ನಾಲ್ವರಿಗೆ ಒಂದೂವರೆ ದಿನ ಬಂದರೆ ಹೆಚ್ಚು. ಚೊಂಬಿನ ಬದಲು ಒತ್ತಿದರೆ ಚಿಮ್ಮುವ ಪುಟ್ಟ ಪ್ಲಾಸ್ಟಿಕ್ ಬಾಟಲಿ ಇಟ್ಟ ಮೇಲೆ ಎರಡು ದಿನಕ್ಕೆ ಏರಿತು. ನಾಚಿಕೆಯಿಂದ ಯಾರೂ ಇದನ್ನು ಮಾತಾಡುವುದಿಲ್ಲ, ಆದರೆ ದಿನದ ದಾರಿಯನ್ನು ನಿರ್ಧರಿಸುವುದು ಇದೇ: ಪೆಟ್ಟಿಗೆಯನ್ನು ಖಾಲಿ ಮಾಡಲು ಅದಕ್ಕೆಂದೇ ಇರುವ ಜಾಗಕ್ಕೇ ಹೋಗಬೇಕು. ಜರ್ಮನಿಯ ಊರುಗಳಲ್ಲಿ ಮೋಟರ್‌ಹೋಂಗೆಂದು ಬಿಟ್ಟ ಷ್ಟೆಲ್‌ಪ್ಲಾಟ್ಸ್ ಜಾಗಗಳಲ್ಲಿ ಬಹಳಷ್ಟು ಕಡೆ ಆ ವ್ಯವಸ್ಥೆ, ಕುಡಿಯುವ ನೀರು ಎರಡೂ ಸಿಗುತ್ತವೆ. ಎರಡು ರಾತ್ರಿ ಅಂಥಲ್ಲಿ, ಮೂರನೆಯ ರಾತ್ರಿ ಸ್ನಾನದ ಮನೆ ಇರುವ ಕ್ಯಾಂಪಿಂಗ್ ಜಾಗದಲ್ಲಿ ಎಂಬ ಲಯ ಇವರಿಗೆ ಒಗ್ಗಿದೆ. ಚಿಕ್ಕಮ್ಮ ತಲೆಸ್ನಾನ ಮಾಡುವುದು ಆ ಮೂರನೆಯ ದಿನ.

ಬ್ಯಾಟರಿ 95 ಆಂಪಿಯರ್-ಗಂಟೆಯ, ಎಜಿಎಂ ಎಂಬ ಸೀಸದ ಬಗೆಯದು ಬಂದಿತ್ತು. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ. ಫ್ರಿಜ್ಜು ರಾತ್ರಿಯೆಲ್ಲ ಓಡಿದರೆ ಎರಡನೆಯ ಬೆಳಿಗ್ಗೆಗೆ ಮುಗಿಯಿತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬದಲಿಸಿದರು. ಬಳಸಬಹುದಾದ ಕರೆಂಟು ಸುಮಾರು ಎರಡರಷ್ಟಾಯಿತು, ತೂಕ ಹದಿನಾಲ್ಕು ಕೆ.ಜಿ. ಇಳಿಯಿತು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಆದ್ದರಿಂದ ಬೆಚ್ಚಗಿರುವ ಸೀಟಿನ ಅಡಿಯಲ್ಲಿಟ್ಟಿದ್ದಾರೆ.

ಮಲಗುವ ವ್ಯವಸ್ಥೆ ಹೀಗೆ ನೆಲೆಗೊಂಡಿತು: ಹಿಂದಿನ ಅಡ್ಡ ಹಾಸಿಗೆಯಲ್ಲಿ ಚಿಕ್ಕಮ್ಮ ಹೊರಬದಿಗೆ, ಮೊಮ್ಮಗಳು ಒಳಬದಿಗೆ. ಹಾಸಿಗೆ ಎತ್ತರದಲ್ಲಿರುವುದರಿಂದ ಅಗಲವಾದ, ಜಾರದ ಎರಡು ಮೆಟ್ಟಿಲಿನ ಪೆಟ್ಟಿಗೆ ಮಾಡಿಸಿದರು, ಅದರೊಳಗೇ ಚಪ್ಪಲಿ. ಟಾಯ್ಲೆಟ್ಟಿನ ಬಾಗಿಲು ಅಲ್ಲಿಂದ ಎರಡು ಹೆಜ್ಜೆ, ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿ. ಗಂಡ ಹೆಂಡತಿ ಮೇಲಿನ ಛಾವಣಿಯಲ್ಲಿ. ಅಲ್ಲಿಯ ಗೋಡೆ ಬಟ್ಟೆಯದು. ಅಕ್ಟೋಬರಿನಲ್ಲಿ ಬ್ಲ್ಯಾಕ್ ಫಾರೆಸ್ಟಿನ ಮೇಲೆ, 1,036 ಮೀಟರ್ ಎತ್ತರದ ಮುಮ್ಮಲ್ ಸರೋವರದ ಕಡೆ ಹೋದಾಗ ಕೆಳಗೆ ಹೀಟರು ಓಡುತ್ತಿದ್ದರೂ ಮೇಲೆ ನಿದ್ದೆ ಹತ್ತಲಿಲ್ಲವಂತೆ. ಅಂದಿನಿಂದ ಚಳಿಗಾಲಕ್ಕೆ ಛಾವಣಿ ಮುಚ್ಚಿ, ದಂಪತಿ ಹಿಂದೆ, ಮಗಳು ಸೀಟಿನ ಮೇಲೆ ಹಾಸಿದ ಕಿರುಹಾಸಿಗೆಯಲ್ಲಿ. ಬೇಸಿಗೆಯಲ್ಲಿ ನಾಲ್ವರಿಗೆ, ಚಳಿಯಲ್ಲಿ ಮೂವರಿಗೆ ಇರುವ ಗಾಡಿ ಇದು. ಚಿಕ್ಕಮ್ಮ ಬರುವುದೂ ಬೇಸಿಗೆಯಲ್ಲೇ ಆದ್ದರಿಂದ ಹೊಂದಿಕೊಂಡಿದೆ.

ಚಳಿಗಾಲದಲ್ಲಿ ಇನ್ನೊಂದು ವಿಷಯ. ಟ್ರುಮಾ ಕಂಪನಿಯ ಈ ಹೀಟರಿನ ಹತ್ತು ಲೀಟರಿನ ಬಿಸಿನೀರಿನ ಪಾತ್ರೆಗೆ ಒಂದು ವಾಲ್ವ್ ಇದೆ. ತಾಪಮಾನ ಸುಮಾರು ಮೂರು ಡಿಗ್ರಿಗೆ ಇಳಿದರೆ ಅದು ತಾನೇ ತೆರೆದು ನೀರನ್ನು ನೆಲಕ್ಕೆ ಬಿಡುತ್ತದೆ, ಪಾತ್ರೆ ಹೆಪ್ಪುಗಟ್ಟಿ ಒಡೆಯದಿರಲೆಂದು. ಗಾಡಿಯ ಕೆಳಗೆ ನೀರು ನಿಂತದ್ದನ್ನು ಕಂಡು ತಮ್ಮ ನಡುರಾತ್ರಿ ಫೋನ್ ಮಾಡಿದ್ದ. ಸುತ್ತ ಏಳು ಡಿಗ್ರಿಗೆ ಬೆಚ್ಚಗಾಗುವವರೆಗೆ ಆ ವಾಲ್ವ್ ಮತ್ತೆ ಮುಚ್ಚುವುದಿಲ್ಲ, ಮೊದಲು ಹೀಟರು ಹಚ್ಚು ಎಂದೆ.

ಮುಂದಿನ ಬೇಸಿಗೆಗೆ ಸೊಸೆಯ ಅಪ್ಪ ಅಮ್ಮನೂ ಮೈಸೂರಿನಿಂದ ಬರುವವರಿದ್ದಾರೆ. ಬೆಲ್ಟಿರುವ ಸೀಟು ನಾಲ್ಕೇ, ಮಿತಿಯೊಳಗೆ ಉಳಿದಿರುವುದು 90 ಕೆ.ಜಿ. ದೊಡ್ಡ ಗಾಡಿ ನೋಡೋಣವೇ ಎಂಬ ಮಾತು ಒಂದು ಸಂಜೆ ಬಂತು, ನಾನು ಬೇಡವೆಂದೆ. ಕಾನ್ಸ್ಟಾನ್ಸ್ ಸರೋವರದ ಹತ್ತಿರ ಎರಡು ವಾರಕ್ಕೆ ಅಡುಗೆಮನೆ ಇರುವ ರಜಾ ಮನೆ ಹಿಡಿಯುತ್ತಾರೆ, ಕಾರು ಹಿಂದೆ ಬರುತ್ತದೆ, ಮೋಟರ್‌ಹೋಂ ಅದರ ಅಂಗಳದಲ್ಲಿ ನಿಲ್ಲುತ್ತದೆ. ಸರದಿಯ ಮೇಲೆ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಆಲ್ಪ್ಸ್ ಕಡೆ ಎರಡು ರಾತ್ರಿ ಹೋಗಿಬರುವುದೆಂದು ಈಗ ತೀರ್ಮಾನವಾಗಿದೆ. ಹಿರಿಯರು ಸರೋವರದವರೆಗೆ ಕಾರಿನಲ್ಲಿ ಬರುವುದರಿಂದ ಅಲ್ಲಿಗೆ ಹೋಗುವಾಗ ಸೈಕಲ್ಲುಗಳನ್ನು ಮತ್ತೆ ಗಾಡಿಗೆ ಹೇರಬಹುದು. ತಮ್ಮ ವೇ ಬ್ರಿಡ್ಜಿನವರಿಗೆ ಫೋನ್ ಮಾಡಿ ಸಮಯ ಕೇಳಿಟ್ಟಿದ್ದಾನೆ.